ಐದು ಕಾಲಿನ ಬೆಂಚು

ನಮ್ಮ ಮನೆಯ ಜಗಲಿಯ ಮೇಲೆ ಒಂದು ಬೆಂಚು ಇದೆ. ಅದನ್ನು ಮೊದಲ ಸಲ ನೋಡಿದವರು ಕ್ಷಣಕಾಲ ಸುಮ್ಮನಿದ್ದು, ಆಮೇಲೆ “ಇದನ್ನು ಎಲ್ಲಿ ಕೊಂಡಿರಿ?” ಎಂದು ಕೇಳುತ್ತಾರೆ. ನಾನೇ ಮಾಡಿದೆನೆಂದರೆ “ಹಾಗೆಯೇ ಅಂದುಕೊಂಡೆ” ಎಂದು ನಗುತ್ತಾರೆ. ಆ ನಗುವಿಗೆ ಕಾರಣವಿಲ್ಲದೆ ಇಲ್ಲ. ಬೆಂಚಿನ ಹಲಗೆಯಲ್ಲಿ ಹಳೆಯ ಮೊಳೆಗಳ ತೂತುಗಳಿವೆ. ತೂತಿನ ಸುತ್ತ ಶಾಯಿ ಚೆಲ್ಲಿದಂತೆ ಕಪ್ಪು ಕಲೆಗಳಿವೆ. ಲೋಕದಲ್ಲಿ ಬೆಂಚುಗಳಿಗೆ ನಾಲ್ಕು ಕಾಲುಗಳಿದ್ದರೆ ಇದಕ್ಕೆ ಐದು. ಐದನೆಯದು ಬಲತುದಿಯಲ್ಲಿ ನಾಲ್ಕು ಅಡಿಯಷ್ಟು ಎತ್ತರವಾಗಿ ಕಂಬದಂತೆ ನಿಂತಿದೆ. ಅದರ ಮೈಯಾದರೂ ಒಂದೇ ಸಮನಾಗಿದೆಯೇ? ಅದೂ ಇಲ್ಲ. ಬುಡ ಒಂದು ಬಗೆಯ ಮರ, ನಡು ಇನ್ನೊಂದು ಬಗೆಯದು, ಮೇಲಿನ ಗೇಣಿನಷ್ಟು ಭಾಗ ಹೊಗೆ ಹಿಡಿದು ಕಪ್ಪಗಿದೆ. ಕೆಲಸ ಬಾರದವನು ಅರ್ಧಕ್ಕೆ ಬಿಟ್ಟ ಕೆಲಸವೆಂದು ನೋಡಿದವರು ಭಾವಿಸುತ್ತಾರೆ. ನನಗೆ ಕೆಲಸ ಬಾರದು ಎಂಬುದೂ ನಿಜ, ಅರ್ಧಕ್ಕೆ ಬಿಟ್ಟೆನೆಂಬುದೂ ನಿಜ. ಆದರೆ ಈ ಎರಡಕ್ಕೂ ಅವರು ಕಲ್ಪಿಸುವ ಸಂಬಂಧ ಮಾತ್ರ ಸರಿಯಲ್ಲ.

ನಮ್ಮ ಮೂಲಮನೆ ಶರಾವತಿಯ ದಂಡೆಯ ಒಂದು ಹಳ್ಳಿಯಲ್ಲಿತ್ತು. ಆ ಹಳ್ಳಿಯ ನೆಲ ಇಂದು ಲಿಂಗನಮಕ್ಕಿ ಜಲಾಶಯದ ಅಡಿಯಲ್ಲಿದೆ. ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ನಾಡಿಗೆ ಬೆಳಕು ಬರಲೆಂದು ಗದ್ದೆ, ತೋಟ, ದೇವರ ಬನಗಳನ್ನು ನೀರಿಗೆ ಬಿಟ್ಟು ಹೊರಟ ಕುಟುಂಬಗಳಲ್ಲಿ ನಮ್ಮದೂ ಒಂದು. 1963ರ ಬೇಸಗೆಯಲ್ಲಿ ಅಪ್ಪ ಮನೆಯನ್ನು ಬಿಚ್ಚಿಸಿದರು. ಆಗ ನನಗೆ ಏಳು ವರ್ಷ. ಮಲೆನಾಡಿನ ಹಳೆಯ ಮನೆಯನ್ನು ಕೆಡಹಬೇಕಾಗಿಲ್ಲ, ಬಿಚ್ಚಬಹುದು. ಅಲ್ಲಿ ಮರವನ್ನು ಹೆಚ್ಚಾಗಿ ಮರವೇ ಹಿಡಿದಿರುತ್ತದೆ. ಆದ್ದರಿಂದ ಹೆಂಚು, ರೀಪು, ಪಕಾಸಿ, ಜಂತೆ, ತೊಲೆ, ಕಂಬ ಎಂದು, ಕಟ್ಟಿದ ಕ್ರಮಕ್ಕೆ ವಿರುದ್ಧವಾಗಿ ಒಂದೊಂದೇ ಕಳಚಿಕೊಂಡು ಬರುತ್ತದೆ. ಎತ್ತಿನ ಗಾಡಿಗಳಲ್ಲಿಯೂ ಒಂದು ಲಾರಿಯಲ್ಲಿಯೂ ಆ ಮರವೆಲ್ಲ ಹೊಸ ಊರಿಗೆ ಬಂದಿತು. ಹೊಸ ಊರಿನಲ್ಲಿ ಎದ್ದ ಮನೆ ಹಳೆಯದರ ಅರ್ಧದಷ್ಟೂ ಇರಲಿಲ್ಲ. ಮಿಕ್ಕ ಮರ ಕೊಟ್ಟಿಗೆಯಾಯಿತು. ಅದಕ್ಕೂ ಮಿಕ್ಕದ್ದು ಕೊಟ್ಟಿಗೆಯ ಅಟ್ಟವನ್ನು ಸೇರಿತು.

ಐವತ್ತಾರು ವರ್ಷಗಳ ಅನಂತರ, 2019ರ ಬೇಸಗೆಯಲ್ಲಿ, ಆ ಮನೆಯೂ ಬಿಚ್ಚಿತು. ನನ್ನ ತಮ್ಮನ ಮಗ ಅಲ್ಲಿ ಕಾಂಕ್ರೀಟಿನ ಮನೆ ಕಟ್ಟಿಸಲು ಹೊರಟಿದ್ದ. ಅವನನ್ನು ದೂರುವಂತಿಲ್ಲ. ಸೋರುವ ಮಾಡಿನ ಕೆಳಗೆ ಪಾತ್ರೆಗಳನ್ನಿಟ್ಟು ಮಳೆಗಾಲ ಕಳೆಯುವ ಕಷ್ಟ ಅಲ್ಲಿ ವಾಸಿಸುವವರಿಗೇ ಗೊತ್ತು. ಹಳೆಯ ಮರ ಕೊಳ್ಳುವ ವ್ಯಾಪಾರಿಯೊಬ್ಬ ಬಂದು ಅಡಿ ಲೆಕ್ಕ ಹಾಕಿ ಒಂದು ಬೆಲೆ ಹೇಳಿದ. ಎಲ್ಲರೂ ಒಪ್ಪಿದರು. ಅಮ್ಮ ಮಾತ್ರ ಕೊಟ್ಟಿಗೆಯ ಮೂಲೆಯ ಒಂದು ಕಂಬವನ್ನು ತೋರಿಸಿ, “ಅದನ್ನು ಕೊಡುವುದು ಬೇಡ” ಎಂದಳು. ಏಕೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಎಂಬತ್ತಮೂರು ವರ್ಷದ ಮುದುಕಿಯ ಮಾತೊಂದನ್ನು ನಡೆಸಿಕೊಟ್ಟೆವೆಂಬ ಸಮಾಧಾನದಲ್ಲಿ ನಾವಿದ್ದೆವು. ಕಂಬದ ಜೊತೆಗೆ ಹಳೆಯ ಮನೆಯ ಬಾಗಿಲಿನ ಒಂದು ಹಲಗೆಯನ್ನೂ ಕೆಲವು ಜಂತೆಗಳನ್ನೂ ನಾನು ಕೇಳಿ ಪಡೆದುಕೊಂಡೆ. ಅಮ್ಮನೂ ಆ ಮರವೂ ಒಟ್ಟಿಗೆ ನನ್ನ ಮನೆಗೆ ಬಂದರು.

ಅಮ್ಮನಿಗೆ ಆಗಲೇ ಮಂಡಿನೋವು. ನೆಲದ ಮೇಲೆ ಕೂರಕೂಡದೆಂದು ವೈದ್ಯರು ಹೇಳಿದ್ದರು. ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತರೆ ಅವಳ ಪಾದ ನೆಲಕ್ಕೆ ತಾಗುತ್ತಿರಲಿಲ್ಲ. ಏಳುವಾಗ ಕುರ್ಚಿಯೇ ಜಾರುತ್ತಿತ್ತು. ಒಂದು ದಿನ ಬಿದ್ದೂಬಿಟ್ಟಳು. ಅವಳ ಅಳತೆಗೆ ತಕ್ಕ, ಜಾರದ, ಭಾರವಾದ ಒಂದು ಬೆಂಚು ಬೇಕೆಂದು ನನಗೆ ಅನ್ನಿಸಿದ್ದು ಆಗ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದ ನನಗೆ ಸಮಯಕ್ಕೇನೂ ಕೊರತೆಯಿರಲಿಲ್ಲ. ನೆರೆಯ ಬೀದಿಯಲ್ಲಿ ವಯಸ್ಸಾದ ಬಡಗಿಯೊಬ್ಬರಿದ್ದರು. ಕೈ ನಡುಗುತ್ತಿದ್ದುದರಿಂದ ಅವರು ಕೆಲಸ ಬಿಟ್ಟಿದ್ದರು. “ನೀವು ಹೇಳಿಕೊಡಿ ಆಚಾರ್ರೇ, ನಾನು ಮಾಡುತ್ತೇನೆ” ಎಂದೆ. “ಅದಕ್ಕೇನು ಮೇಷ್ಟ್ರೇ, ಇಷ್ಟು ವರ್ಷ ನೀವು ಹೇಳಿದಿರಿ, ಈಗ ಕೇಳಿ” ಎಂದು ಅವರು ನಕ್ಕರು. ಮರುದಿನವೇ ಉಳಿ, ಕೊಡತಿ, ಗರಗಸ, ಉಜ್ಜುಗೊರಡು, ಬೈರಿಗೆಗಳಿದ್ದ ಪೆಟ್ಟಿಗೆಯನ್ನು ಹೊರಿಸಿಕೊಂಡು ಬಂದರು.

ಆಚಾರ್ರ ಮೊದಲ ಪಾಠದಲ್ಲಿ ಗರಗಸವನ್ನು ಮುಟ್ಟುವಂತೆಯೇ ಇರಲಿಲ್ಲ. ಮರವನ್ನು ಬೆರಳ ಗಂಟಿನಿಂದ ಬಡಿದು ಕೇಳಬೇಕು. ಗಟ್ಟಿಮರ ಗಂಟೆಯಂತೆ ನುಡಿಯುತ್ತದೆ, ಗೆದ್ದಲು ತಿಂದದ್ದು ಮಡಕೆಯಂತೆ ಬೊಳ್ಳನೆ ಸದ್ದು ಮಾಡುತ್ತದೆ. ಬಳಿಕ ಇಡೀ ಮೈಯ ಮೇಲೆ ಒಂದು ಅಯಸ್ಕಾಂತವನ್ನು ಹಾಯಿಸಬೇಕು. ಒಳಗೆ ಮುರಿದು ಉಳಿದ ಒಂದು ಮೊಳೆ ಸಾಕು, ಗರಗಸದ ಹಲ್ಲುಗಳೆಲ್ಲ ಹೋಗುತ್ತವೆ. ಬಣ್ಣ ಬಳಿದ ಮರವಾದರೆ ಇನ್ನೂ ಎಚ್ಚರ ಬೇಕು. ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸವಿರುತ್ತಿತ್ತು. ಅದನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸುವುದಾಗಲಿ, ಸುಡುವುದಾಗಲಿ ಕೂಡದು. ಮಕ್ಕಳಿರುವ ಮನೆಯಲ್ಲಂತೂ ಕೂಡಲೇ ಕೂಡದು. ಪುಣ್ಯಕ್ಕೆ ನಮ್ಮ ಮರ ಎಣ್ಣೆಯನ್ನೂ ಹೊಗೆಯನ್ನೂ ಬಿಟ್ಟು ಬೇರೆ ಬಣ್ಣ ಕಂಡಿರಲಿಲ್ಲ.

ಬಾಗಿಲಿನ ಹಲಗೆ ಯಾವ ಮರದ್ದೆಂದು ನಾನು ಕೇಳಿದಾಗ ಆಚಾರ್ರು ಅದರಿಂದ ಒಂದು ಚಕ್ಕೆ ತೆಗೆದು ನೀರಿನ ಲೋಟದಲ್ಲಿ ಹಾಕಿದರು. ಸ್ವಲ್ಪ ಹೊತ್ತಿಗೆ ನೀರು ಚಹದ ಬಣ್ಣಕ್ಕೆ ತಿರುಗಿತು. ಲೋಟವನ್ನು ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ನವಿಲಿನ ಕತ್ತಿನಂಥ ನೀಲಿ ಹೊಳಪು! “ಹೊನ್ನೆ” ಎಂದರು ಆಚಾರ್ರು. ಕಂಬ ಹಲಸಿನದು. ಅದನ್ನು ಗುರುತಿಸಲು ಪರೀಕ್ಷೆಯೇ ಬೇಕಿರಲಿಲ್ಲ. ಹಲಸು ಕಡಿದ ಹೊಸದರಲ್ಲಿ ಅರಿಸಿನದಂತಿದ್ದು, ವರ್ಷ ಕಳೆದಂತೆ ಕೆಂಪಾಗಿ, ಕೊನೆಗೆ ಕಂದಾಗುತ್ತದೆ. ವೀಣೆಗೂ ಮೃದಂಗಕ್ಕೂ ಒದಗುವ ಮರ ಅದು. ಗೆದ್ದಲು ಸುಲಭವಾಗಿ ಮುಟ್ಟುವುದಿಲ್ಲ. ಆದರೂ ನಮ್ಮ ಕಂಬದ ಬುಡ ಕೊಳೆತುಹೋಗಿತ್ತು. ಮೂಲಮನೆಯಲ್ಲಿ ಅದು ಕಲ್ಲಿನ ಪೀಠದ ಮೇಲೆ ನಿಂತಿತ್ತು. ಕೊಟ್ಟಿಗೆಯಲ್ಲಿ ನೇರವಾಗಿ ಹಸಿನೆಲದಲ್ಲಿ. ಮರ ಬದುಕಿದ್ದಾಗ ನೀರನ್ನು ಮೇಲೆತ್ತುತ್ತಿದ್ದ ನಾಳಗಳು ಸತ್ತ ಮೇಲೂ ತೆರೆದೇ ಇರುತ್ತವೆ. ಕೊಯ್ದ ತುದಿಯನ್ನು ಒದ್ದೆಯಲ್ಲಿಟ್ಟರೆ ಅದು ನೀರನ್ನು ಹೀರುತ್ತದೆ. ಹಿರಿಯರು ಕಂಬದ ಕೆಳಗೆ ಕಲ್ಲಿಡುತ್ತಿದ್ದುದು ಅಂದಕ್ಕಾಗಿ ಎಂದೇ ನಾನು ಅಷ್ಟು ದಿನ ತಿಳಿದಿದ್ದೆ.

“ಹಳೆಯ ಮರವೇ ಏಕೆ ಒಳ್ಳೆಯದು?” ಎಂದು ಒಮ್ಮೆ ಕೇಳಿದೆ. “ಹೊಸ ಮರ ಮೊದಲು ನೀವು ಹೇಳಿದಂತೆ ಕೇಳುತ್ತದೆ, ಆಮೇಲೆ ತನಗೆ ಬೇಕಾದಂತೆ ಮಾಡುತ್ತದೆ. ಹಳೆಯದು ತನ್ನ ಹಟವನ್ನೆಲ್ಲ ಮುಗಿಸಿಕೊಂಡೇ ಬಂದಿರುತ್ತದೆ” ಎಂದರು ಆಚಾರ್ರು. ಮಾತು ತಮಾಷೆಯದಾದರೂ ಅದರೊಳಗೆ ವಿಜ್ಞಾನವಿದೆ. ಹಸಿಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ಇಲ್ಲವೆಂಬಷ್ಟು ಕಡಿಮೆ. ಅಡ್ಡಕ್ಕೆ ಮಾತ್ರ ಕುಗ್ಗುತ್ತದೆ. ಅದರಲ್ಲಿಯೂ ವರ್ಷದ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಕುಗ್ಗುವುದು, ತೊಗಟೆಯಿಂದ ತಿರುಳಿನ ದಿಕ್ಕಿನಲ್ಲಿ ಕುಗ್ಗುವುದರ ಸುಮಾರು ಎರಡರಷ್ಟು. ಈ ವ್ಯತ್ಯಾಸದಿಂದಲೇ ಹಲಗೆ ಡೊಂಕಾಗುವುದು, ಬಿರಿಯುವುದು. ಎಷ್ಟೋ ಮಳೆಗಾಲಗಳನ್ನೂ ಬೇಸಗೆಗಳನ್ನೂ ಕಂಡ ಮರ ಹೊಸದಾಗಿ ಡೊಂಕಾಗುವುದು ಕಡಿಮೆ. ಆದರೂ ಅದು ಗಾಳಿಯ ತೇವಕ್ಕೆ ತಕ್ಕಂತೆ ತುಸು ಹಿಗ್ಗಿ ಕುಗ್ಗುವುದನ್ನು ಎಂದಿಗೂ ನಿಲ್ಲಿಸುವುದಿಲ್ಲ. ಆದ್ದರಿಂದ ಅಗಲವಾದ ಹಲಗೆಯನ್ನು ಅಂಚುಗಳಲ್ಲೆಲ್ಲ ಬಿಗಿಯಾಗಿ ಬಂಧಿಸಬಾರದು, ನಡುವೆ ಹಿಡಿದು ಅಂಚಿಗೆ ಸ್ವಲ್ಪ ಸಡಿಲ ಕೊಡಬೇಕು.

ಕೊಳೆತ ಬುಡವನ್ನು ಕತ್ತರಿಸಿ ಹಾಕಿದೆ. ಉಳಿದ ಕಂಬವನ್ನು ಕೊಯ್ಯುವ ಕಾರ್ಖಾನೆಗೆ ಒಯ್ದು ಉದ್ದಕ್ಕೆ ಎರಡು ಸೀಳು ಮಾಡಿಸಿ ತಂದೆ. ಇವೆರಡರಿಂದ ಬೆಂಚಿನ ಕಾಲುಗಳಾಗಬೇಕು. ಮೊದಲ ಸೀಳನ್ನು ಎರಡು ದಿನ ಹೆರೆದೆ. ಉಜ್ಜುಗೊರಡು ಓಡಿದಂತೆ ಹೊಗೆಯ ಕಪ್ಪು ಸುರುಳಿಸುರುಳಿಯಾಗಿ ಎದ್ದು ಬಿದ್ದಿತು. ಕೆಳಗಿನಿಂದ ಜೇನಿನ ಬಣ್ಣದ ಮರ ಹೊಳೆಯಿತು. ಒಂದು ನೂಲಿನಷ್ಟು ಹೆರೆದರೆ ಸಾಕು, ಅರವತ್ತು ವರ್ಷದ ಕೊಳೆ ಮಾಯ! ಇಷ್ಟು ಸುಂದರವಾದ ಮರವನ್ನು ಇಷ್ಟು ಕಾಲ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದರಲ್ಲ ಎಂದು ಮನಸ್ಸಿನಲ್ಲೇ ಹಿರಿಯರನ್ನು ಆಕ್ಷೇಪಿಸಿದೆ. ಮೂರನೆಯ ದಿನ ಎರಡನೆಯ ಸೀಳನ್ನು ಬುಡದಿಂದ ಹೆರೆಯುತ್ತ ಬಂದೆ. ಎರಡೂವರೆ ಅಡಿಗೆ ಇನ್ನೂ ಸ್ವಲ್ಪವಿದೆ ಎನ್ನುವಾಗ ಸಂಜೆಯಾಯಿತು. ಹೆರೆದ ಸುರುಳಿಗಳನ್ನೆಲ್ಲ ಬುಟ್ಟಿಗೆ ತುಂಬಿ ಬಚ್ಚಲ ಒಲೆಗೆ ಹಾಕಿ ಬಂದೆ.

ಆಗ ಅಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ನುಣುಪಾದ ಮರದ ಮೇಲೆ ಕೈಯಾಡಿಸಿದಳು. ಮೆಚ್ಚುಗೆಯ ಮಾತು ಬರಬಹುದೆಂದು ನಾನು ಕಾದೆ. ಅವಳ ಬೆರಳು ಏನನ್ನೋ ಹುಡುಕುತ್ತಿರುವಂತೆ ಅತ್ತಿತ್ತ ಹೋಯಿತು.

“ಗೆರೆ ಎಲ್ಲಿ, ತಮ್ಮಾ?” ಎಂದಳು. ನಮ್ಮ ಕಡೆ ತಾಯಂದಿರು ಮಗನನ್ನೂ ಹಾಗೆಯೇ ಕರೆಯುತ್ತಾರೆ.

“ಯಾವ ಗೆರೆ?”

“ದೀಪಾವಳಿಯ ಗೆರೆ.”

ಅದನ್ನು ಕೇಳಿದ ಕೂಡಲೇ ನನಗೆ ಎಲ್ಲವೂ ನೆನಪಾಯಿತು. ದೀಪಾವಳಿಯ ದಿನ ಎಣ್ಣೆಸ್ನಾನವಾದ ಮೇಲೆ ಅಪ್ಪ ನಮ್ಮನ್ನು ನಡುಮನೆಯ ಆ ಕಂಬಕ್ಕೆ ಒರಗಿಸಿ ನಿಲ್ಲಿಸುತ್ತಿದ್ದರು. ತಲೆಯ ಮೇಲೆ ಪಟ್ಟಿಯನ್ನಿಟ್ಟು ಉಳಿಯಿಂದ ಸಣ್ಣದೊಂದು ಗೆರೆ ಎಳೆಯುತ್ತಿದ್ದರು. ಕಂಬದ ಬಲಕ್ಕೆ ನನ್ನ ಗೆರೆಗಳು, ಎಡಕ್ಕೆ ಅಕ್ಕನವು. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಅವಳ ಗೆರೆ ಯಾವಾಗಲೂ ನನ್ನದಕ್ಕಿಂತ ಮೇಲಿರುತ್ತಿತ್ತು. ಅದಕ್ಕಾಗಿ ನಾನು ಅತ್ತದ್ದೂ ಉಂಟು. 1962ರ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂದಿತು. ಹೊಳೆ ತುಂಬಿ ದೋಣಿ ನಿಂತಿತ್ತು. ಎಂಟು ವರ್ಷ ತುಂಬುವ ಮೊದಲೇ ಅವಳು ಹೋದಳು. ಮರುವರ್ಷ ನಾವು ಊರು ಬಿಟ್ಟೆವು. ಮನೆಯಲ್ಲಿ ಅವಳ ಒಂದು ಚಿತ್ರವೂ ಇರಲಿಲ್ಲ. ಅವಳು ಈ ಭೂಮಿಯ ಮೇಲೆ ಇಷ್ಟು ಎತ್ತರ ಬೆಳೆದಿದ್ದಳೆಂಬುದಕ್ಕೆ ಆ ಗೆರೆಗಳಲ್ಲದೆ ಬೇರೆ ಗುರುತಿರಲಿಲ್ಲ.

ನಾನು ದೀಪ ತಂದು ನೋಡಿದೆ. ಮೊದಲ ಸೀಳಿನಲ್ಲಿದ್ದ ನನ್ನ ಗೆರೆಗಳು ಪೂರ್ತಿಯಾಗಿ ಹೋಗಿದ್ದವು. ಅದರಿಂದ ನನಗೇನೂ ಅನ್ನಿಸಲಿಲ್ಲ. ಎರಡನೆಯ ಸೀಳಿನಲ್ಲಿ ಅಕ್ಕನ ಐದು ಗೆರೆಗಳಲ್ಲಿ ನಾಲ್ಕು ಹೋಗಿದ್ದವು. ಉಜ್ಜುಗೊರಡು ನಿಂತ ಜಾಗದಿಂದ ಹೆಬ್ಬೆರಳಿನಷ್ಟು ಮೇಲೆ, ಹೊಗೆಯ ಕಪ್ಪಿನಲ್ಲಿ, 1961ರ ದೀಪಾವಳಿಯ ಗೆರೆಯೊಂದು ಉಳಿದಿತ್ತು. ಇನ್ನು ಕಾಲು ಗಂಟೆ ಬೆಳಕಿದ್ದಿದ್ದರೆ ಅದೂ ಇರುತ್ತಿರಲಿಲ್ಲ.

ಅಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಳಿದ ಗೆರೆಯ ಮೇಲೆ ಬೆರಳಿಟ್ಟು, ಸ್ವಲ್ಪ ಹೊತ್ತು ನಿಂತು, “ಇಷ್ಟು ಗಿಡ್ಡ ಇರಲಿಲ್ಲ ಅವಳು” ಎಂದಷ್ಟೇ ಹೇಳಿ ಒಳಗೆ ಹೋದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅರಿಯದೆ ಮಾಡಿದೆನೆಂದು ಮನಸ್ಸು ಸಮಾಧಾನ ಹೇಳಿಕೊಳ್ಳಲು ನೋಡಿತು. ಆದರೆ ಅರಿಯದೆ ಇದ್ದುದೇ ನನ್ನ ತಪ್ಪಾಗಿತ್ತು. ಅಮ್ಮ ಆ ಕಂಬವನ್ನು ಕೊಡಬೇಡಿ ಎಂದಾಗ ‘ಏಕೆ’ ಎಂಬ ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ಮರವನ್ನು ಬಡಿದು ಕೇಳಲು ಕಲಿತಿದ್ದೆ. ಮನೆಯವರನ್ನು ಕೇಳಲು ಮರೆತಿದ್ದೆ.

ಬೆಳಿಗ್ಗೆ ಅಮ್ಮನ ಮಾತಿನ ಅರ್ಥ ಹೊಳೆಯಿತು. ಅವಳು ಹೇಳಿದ್ದು ಸರಿಯಾದ ಲೆಕ್ಕವನ್ನೇ! ಕಂಬದ ಬುಡವನ್ನು ನಾನು ಕತ್ತರಿಸಿದ್ದೆನಲ್ಲ, ಗೆರೆ ಅಷ್ಟು ಕೆಳಗಿಳಿದಿತ್ತು. ಕತ್ತರಿಸಿದ ತುಂಡು ಇನ್ನೂ ಅಂಗಳದಲ್ಲಿ ಬಿದ್ದಿತ್ತು. ಅಳೆದೆ, ಹನ್ನೆರಡೂವರೆ ಅಂಗುಲ. ಅಮ್ಮನಿಗೆ ಹೇಳಿದೆ. ಅವಳು ಯೋಚಿಸಿ, “ಕಂಬದ ಕೆಳಗೆ ಕಲ್ಲಿತ್ತಲ್ಲ. ಮಕ್ಕಳು ನೆಲದ ಮೇಲೆ ನಿಲ್ಲುತ್ತಿದ್ದಿರಿ, ಕಂಬ ಕಲ್ಲಿನ ಮೇಲಿತ್ತು” ಎಂದಳು. ಕಲ್ಲು ಎಷ್ಟು ಎತ್ತರವಿತ್ತೆಂದು ಕೇಳಿದೆ. ದಿನವೂ ಆ ಕಲ್ಲಿನ ಸುತ್ತ ಸಾರಿಸಿ ಒರೆಸಿದ ಕೈಯನ್ನು ನೆಲಕ್ಕೆ ತಾಗಿಸಿ ಅಡ್ಡಲಾಗಿ ಹಿಡಿದು, “ನಾಲ್ಕು ಬೆರಳು” ಎಂದಳು. ಅವಳ ನಾಲ್ಕು ಬೆರಳನ್ನು ಅಳೆದೆ, ಮೂರು ಅಂಗುಲ. ಗೆರೆ ನಿಜವಾಗಿ ಇದ್ದ ಎತ್ತರ ನೆಲದಿಂದ ನಲವತ್ತೈದೂವರೆ ಅಂಗುಲ.

ಆಚಾರ್ರಿಗೆ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಆ ಗೆರೆಯನ್ನೇ ನೋಡುತ್ತಿದ್ದು, “ಕಾಲು ನಾಲ್ಕನ್ನೂ ಮೊದಲ ಸೀಳಿನಿಂದಲೇ ತೆಗೆಯೋಣ. ಇದು ಬೇರೆಯಾಗಿ ನಿಲ್ಲಲಿ. ಅಮ್ಮನಿಗೆ ಏಳುವಾಗ ಹಿಡಿಯಲೂ ಆಯಿತು” ಎಂದರು. ಗೆರೆಯನ್ನು ಅದರ ನಿಜವಾದ ಎತ್ತರಕ್ಕೆ ಏರಿಸಲು ಕಂಬಕ್ಕೆ ಹೊನ್ನೆಯ ಬುಡವೊಂದನ್ನು ಕೂಡಿಸಿದೆವು. ಎರಡು ಮರಗಳ ತುದಿಗಳನ್ನೂ ಅರ್ಧರ್ಧ ದಪ್ಪಕ್ಕೆ ಕಡಿದು, ಒಂದನ್ನೊಂದು ಅಪ್ಪುವಂತೆ ಕೂರಿಸಿ, ತೂತು ಕೊರೆದು ಬಿದಿರಿನ ಆಣಿಗಳನ್ನು ಬಡಿದೆವು. ಎತ್ತರವನ್ನು ಆಚಾರ್ರು ಮೂರು ಸಲ ಅಳೆಸಿದರು. ಉಳಿದ ಬೆಂಚಿನಲ್ಲಿ ಒಂದು ನೂಲಿನ ಹೆಚ್ಚುಕಡಿಮೆಯನ್ನು ಮನ್ನಿಸಿದ ಅವರು ಇಲ್ಲಿ ಕೂದಲೆಳೆಯಷ್ಟನ್ನೂ ಮನ್ನಿಸಲಿಲ್ಲ.

ಅಂದಿನಿಂದ ನನ್ನ ಕೈಯ ವೇಗ ತಗ್ಗಿತು. ಕೂರುವ ಹಲಗೆಯ ಕಪ್ಪು ಕಲೆಗಳನ್ನು ತೆಗೆಯಬೇಕೆಂದಿದ್ದವನು ಹಾಗೆಯೇ ಬಿಟ್ಟೆ. ಅದು ಕೊಳೆಯಲ್ಲ. ಮರದ ಒಗರಿನ ಅಂಶವೂ ಮೊಳೆಯ ಕಬ್ಬಿಣವೂ ತೇವದಲ್ಲಿ ಕೂಡಿ ಆದ ಬಣ್ಣ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಬೆರೆಸಿ ಹಿಂದಿನವರು ಶಾಯಿ ಮಾಡುತ್ತಿದ್ದುದೂ ಇದೇ ಕ್ರಮದಿಂದ. ಹಲಗೆಯ ಒಂದು ತುದಿಯಲ್ಲಿ ಬಿರುಕಿತ್ತು. ಅದನ್ನು ಮುಚ್ಚಲು ಹೋಗದೆ, ಬಿರುಕಿಗೆ ಅಡ್ಡಲಾಗಿ ಚಿಟ್ಟೆಯ ಆಕಾರದ ಹಲಸಿನ ತುಂಡನ್ನು ಕೂರಿಸಿ ಅದು ಮುಂದೆ ಬೆಳೆಯದಂತೆ ತಡೆದೆ. ಈ ಕ್ರಮವನ್ನು ನಾನು ತಿಳಿದದ್ದು ಜಾರ್ಜ್ ನಕಾಶಿಮ ಎಂಬ ಮರಗೆಲಸದ ಕಲಾವಿದನ ಬಗ್ಗೆ ಓದಿದಾಗ. ಜಪಾನಿ ಮೂಲದ ಈ ಅಮೆರಿಕನ್ನರು 1930ರ ದಶಕದ ಕೊನೆಯಲ್ಲಿ ನಮ್ಮ ಪುದುಚೇರಿಯ ಅರವಿಂದಾಶ್ರಮದಲ್ಲಿ ಗೋಲ್ಕೊಂಡವೆಂಬ ವಸತಿಗೃಹದ ನಿರ್ಮಾಣದಲ್ಲಿ ದುಡಿದವರು. 1942ರಲ್ಲಿ, ಯುದ್ಧದ ಕಾಲದಲ್ಲಿ, ಜಪಾನಿ ಮೂಲದವರೆಂಬ ಕಾರಣಕ್ಕೆ ಹೆಂಡತಿ ಮತ್ತು ಎಳೆಯ ಮಗಳೊಡನೆ ಅಮೆರಿಕದ ಒಂದು ಬಂಧನ ಶಿಬಿರವನ್ನು ಸೇರಬೇಕಾಯಿತು. ಅಲ್ಲಿ ಜಪಾನಿ ಬಡಗಿಯೊಬ್ಬರ ಜೊತೆಯಲ್ಲಿ, ಸಿಕ್ಕಿದ ಚೂರುಪಾರು ಮರದಲ್ಲಿಯೇ ಕೆಲಸ ಕಲಿತರು. ಮುಂದೆ ಪ್ರಸಿದ್ಧರಾದ ಮೇಲೂ ಮರದ ಬಿರುಕನ್ನು ಅವರು ಮರೆಮಾಡಲಿಲ್ಲ. ಚಿಟ್ಟೆಯಂಥ ಬೆಸುಗೆಯಿಂದ ಅದನ್ನು ಹಿಡಿದು ಎಲ್ಲರಿಗೂ ಕಾಣುವಂತೆ ಬಿಟ್ಟರು.

ಹಳೆಯ ಮರದಲ್ಲಿ ಪೀಠೋಪಕರಣ ಮಾಡುವುದರಿಂದ ಹಣ ಉಳಿಯುತ್ತದೆ, ಒಂದು ಮರ ಕಾಡಿನಲ್ಲಿ ಉಳಿಯುತ್ತದೆ. ಎರಡೂ ಒಳ್ಳೆಯ ಮಾತುಗಳೇ. ಆದರೆ ಹಳೆಯ ಮರಕ್ಕೆ ಕೈ ಹಚ್ಚುವವನು ಇನ್ನೊಂದನ್ನೂ ತಿಳಿದಿರಬೇಕು. ಅದು ಇನ್ನೊಬ್ಬರು ಬದುಕಿ ಬಿಟ್ಟದ್ದು. ಅದರಲ್ಲಿ ಕೊಳೆ ಯಾವುದು, ಗುರುತು ಯಾವುದು ಎಂಬುದನ್ನು ಉಳಿ ಹೇಳುವುದಿಲ್ಲ. ಮನೆಯಲ್ಲಿ ಹಿರಿಯರಿರುವಾಗ ಅವರನ್ನು ಕೇಳಬೇಕು.

ಬೆಂಚು ಸಿದ್ಧವಾದ ದಿನ ಅಮ್ಮನನ್ನು ಕರೆದೆ. ಅವಳ ಮಂಡಿಯ ಅಳತೆಗೆ ಸರಿಯಾಗಿ ಹಲಗೆಯನ್ನು ಹದಿನೈದು ಅಂಗುಲಕ್ಕೆ ನಿಲ್ಲಿಸಿದ್ದೆ. ಅವಳು ಕುಳಿತಳು. ಪಾದಗಳೆರಡೂ ನೆಲಕ್ಕೆ ತಾಗಿದವು. ಬಲಗೈ ತಾನಾಗಿಯೇ ಐದನೆಯ ಕಾಲನ್ನು ಹಿಡಿಯಿತು. ಅವಳು ತಲೆ ತಿರುಗಿಸಿದಾಗ ಗೆರೆ ಅವಳ ಕಣ್ಣಿಗಿಂತ ತುಸುವೇ ಮೇಲಿತ್ತು. ಕುಳಿತ ತಾಯಿಯ ಪಕ್ಕದಲ್ಲಿ ಏಳು ವರ್ಷದ ಮಗು ನಿಂತರೆ ಅದರ ತಲೆ ಅಷ್ಟೇ ಎತ್ತರಕ್ಕೆ ಬರುತ್ತದೆ.

“ಈಗ ಸರಿಯಾಯಿತು” ಎಂದಳು ಅಮ್ಮ.